ಹೂಂ ಕೇಳುವಷ್ಟು ನಿಧಾನ

ನನ್ನ ಅಜ್ಜಿ ನೀಲಕ್ಕನ ಕಥೆಗಳಿಗೆ ಒಂದು ಕರಾರಿತ್ತು. ಕೇಳುವವರು ಹೂಂ ಅನ್ನುತ್ತಿರಬೇಕು. ರಾಜ ಕುದುರೆ ಏರಿದ, ಹೂಂ. ಕುದುರೆ ಅಡವಿ ಹೊಕ್ಕಿತು, ಹೂಂ. ಹೂಂ ಬರುವುದು ತುಸು ತಡವಾದರೂ ಅಜ್ಜಿ ರಾಜನನ್ನು ಅಲ್ಲೇ ನಿಲ್ಲಿಸಿಬಿಡುತ್ತಿದ್ದಳು, ಒಂದು ಕಾಲು ರಿಕಾಬಿನಲ್ಲಿ, ಇನ್ನೊಂದು ನೆಲದ ಮೇಲೆ.

"ನಿದ್ದಿ ಬಂತಿಲ್ಲೋ? ಮಲ್ಕೋ. ನೀ ಹೂಂ ಅನ್ನೂತನಾ ಅಂವಾ ಹಂಗ ನಿಂತಿರತಾನ ತಗೋ."

ಅವನು ನಿಜಕ್ಕೂ ನಿಂತಿರುತ್ತಾನೆಂದು ನಾನು ನಂಬಿದ್ದೆ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ, ಯಾರಿಗೂ ಕೇಳದ ಹಾಗೆ ಹೂಂ ಅಂದು, ಆ ರಾಜನನ್ನು ಕುದುರೆಯ ಮೇಲೆ ಕೂರಿಸಿದ ದಿನಗಳಿವೆ.

ಅಜ್ಜಿಯ ಇನ್ನೊಂದು ಕರಾರು, ಹಗಲಿನಲ್ಲಿ ಕಥೆ ಹೇಳಬಾರದು ಎಂಬುದು. ಹೇಳಿದರೆ ಹಾದಿಗೆ ಹೋಗುವವರು ಹಾದಿ ತಪ್ಪುತ್ತಾರಂತೆ. ಮಧ್ಯಾಹ್ನ ಎಷ್ಟು ಗೋಗರೆದರೂ ಅವಳು ಬಾಯಿ ಬಿಡುತ್ತಿರಲಿಲ್ಲ. "ಯಾರದರ ಮನಿ ಕೂಸು ಹಾದಿ ತಪ್ಪಿದ್ರ ಹುಡುಕಾಕ ನೀ ಹೋಗ್ತಿಯೇನ?" ಅನ್ನುತ್ತಿದ್ದಳು.

ನಾನು ಮತ್ತು ಶಬೀನಾ ಮೊದಲನೆಯ ಕರಾರನ್ನು ಹಿಡಿದುಕೊಂಡು, ಎರಡನೆಯದನ್ನು ದಿನಾ ಮುರಿಯುತ್ತ ಕೆಲಸಕ್ಕೆ ಹೋಗುತ್ತಿದ್ದೆವು.

ಶಬೀನಾ ನಮ್ಮ ಓಣಿಯವಳೇ. ನಮ್ಮ ಬಾಗಿಲಲ್ಲಿ ನಿಂತು ಕೂಗಿದರೆ ಅವರ ಅಡುಗೆಮನೆಗೆ ಕೇಳುತ್ತದೆ. ಎಂಟನೆಯ ತರಗತಿಯಲ್ಲಿ ಶಾಲೆಯಿಂದ ಸೈಕಲ್ ಕೊಟ್ಟಾಗ ಹಿಂದೆ ಮುಂದೆ ನಿಂತು ತೆಗೆದುಕೊಂಡವರು ನಾವು. ಸೈಕಲ್ಲುಗಳೆರಡೂ ಒಂದೇ ಬಣ್ಣ, ಒಂದೇ ಎತ್ತರ. ತುಳಿಯುವ ರೀತಿ ಮಾತ್ರ ಬೇರೆ. ನಾನು ಮೋಡಗಳಲ್ಲಿ ಒಂಟೆ ಆನೆ ಹುಡುಕುತ್ತ ಹೋಗುವವಳು. ಅವಳು ಸೀಟಿನಿಂದ ಎದ್ದು ನಿಂತು ತುಳಿದು, ಕಬ್ಬಿಣದ ಗಳೆ ಹೊತ್ತ ಟ್ರ್ಯಾಕ್ಟರುಗಳನ್ನು ಹಿಂದೆ ಹಾಕಿ, ಹಳ್ಳದ ಸೇತುವೆಯ ಕಟ್ಟೆಯ ಮೇಲೆ ಕುಳಿತು ನನಗಾಗಿ ಕಾಯುವವಳು. "ಬಂದೇನ ಮಹಾರಾಣಿ? ನಿನ್ನ ಕಾಯಕೋತ ಕುಂತು ನನ್ನ ಕೂದಲಾ ಬೆಳ್ಳಗಾದೂ ನೋಡ್," ಅನ್ನುತ್ತಿದ್ದಳು.

ಪಿಯುಸಿ ಮುಗಿಸಿ ಕೆಲಸಕ್ಕೆ ಸೇರಿದ ವರ್ಷ ಅವಳಿಗೆ ಒಂದು ಜ್ವರ ಬಂತು. ಕೀಲು ಕೀಲು ಹಿಡಿದು, ಮೊಣಕಾಲು ಬಾತು, ಮಲಗಿಯೇ ಇದ್ದಳು. ಜ್ವರ ಹೋಯಿತು, ಉಸಿರು ಹಿಂದಿನ ಹಾಗೆ ಬರಲಿಲ್ಲ. ಹುಬ್ಬಳ್ಳಿಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರಂತೆ. ಚಿಕ್ಕಂದಿನಲ್ಲೇ ಇಂಥ ಜ್ವರ ಬಂದು ಹೋಗಿರಬೇಕು, ಹೃದಯದೊಳಗಿನ ಒಂದು ಬಾಗಿಲು ಇಕ್ಕಟ್ಟಾಗಿದೆ, ದಸರಾ ಆದ ಮೇಲೆ ಆಪರೇಷನ್ನಿನ ಸರದಿ ಬರುತ್ತದೆ ಅಂದರಂತೆ.

"ನನ್ನ ಎದ್ಯಾಗ ಹಳ್ಳ ಐತಂತಲೇ," ಅಂದಳು ಊರಿಗೆ ಬಂದ ಸಂಜೆ. "ಸಣ್ಣ ಸಂದಿನ್ಯಾಗಿಂದ ನೀರು ಹರದಂಗ ಸಪ್ಪಳ ಆಕ್ಕೈತಂತ. ಡಾಕ್ಟರ್ ಆ ಕೊಳವಿ ನನ್ನ ಕಿವಿಗೂ ಹಚ್ಚಿದ್ರು."

"ಕೇಳಿಸ್ತೇನು?"

"ಯವ್ವಾ, ಶ್ರಾವಣದಾಗ ನಮ್ಮ ಹಳ್ಳ ಬರತೈತಲ್ಲ, ಹಂಗ."

ನಗುತ್ತಲೇ ಹೇಳಿದಳು. ಅವಳ ತಾಯಿ ಜಮೀಲಾಬಿ ಚಾಚಿ ಒಲೆಯ ಮುಂದೆ ಬೆನ್ನು ಮಾಡಿ ಕುಳಿತಿದ್ದಳು. ರೊಟ್ಟಿ ಬಡಿಯುವ ಸಪ್ಪಳ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಕುಂದಗೋಳದ ರಸ್ತೆಯಲ್ಲಿ, ಆ ಊರು ಇನ್ನೂ ದೂರವಿರುವಂತೆಯೇ, ಒಂದು ಹಳೆಯ ಹತ್ತಿ ಗೋದಾಮಿದೆ. ಅಲ್ಲಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಾರೆ. ನಾನು ಗುಂಡಿ ಕಾಜಿನ ಮಷಿನ್ನಿಗೆ, ಶಬೀನಾ ಕಾಲರಿನ ಮಷಿನ್ನಿಗೆ. ಜ್ವರದ ಮೊದಲೇ ಸೇರಿದ್ದ ಕೆಲಸವನ್ನು ಬಿಡಲು ಅವಳು ಒಪ್ಪಲಿಲ್ಲ. ಬಸ್ಸಿಗೆ ಹೋಗು ಎಂದು ತಾಯಿ ಅಂದರೂ ಒಪ್ಪಲಿಲ್ಲ.

"ಬಸ್ಸಿನ್ಯಾಗ ಕಾಲಿಡಾಕ ಜಾಗಾ ಇರಂಗಿಲ್ಲ, ಅಲ್ಲೇ ನನ್ನ ಉಸರ ಕಟ್ಟತೈತಿ. ಮತ್ತ ಸೈಕಲ್ ಬಿಟ್ಟೆ ಅಂದ್ರ ಇಡೀ ಊರು ಕೇಳತೈತಿ ಅಮ್ಮಿ. ಯಾಕ ಬಿಟ್ಲು, ಏನಾಗೇತಿ. ದಸರಾ ತನಕ ನಾ ಎಲ್ಲಾರಂಗ ಇರತೀನಿ. ಆಮ್ಯಾಲೆ ಬೇಕಾದ್ರ ಕಾಟಿನ ಮ್ಯಾಲೆ ಮಲಗಸಿ ಪೂಜಾ ಮಾಡ್ರಿ."

ಚಾಚಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಡಾಕ್ಟರು ಒಂದು ಮಾತು ಹೇಳಿದ್ದರು: ನಡೆದರೂ ಸರಿ, ಏನು ಮಾಡಿದರೂ ಸರಿ, ಬಾಯಿ ತುಂಬ ಮಾತಾಡಲು ಆಗುವಷ್ಟೇ ಮಾಡಬೇಕು. ಮಾತು ತುಂಡಾಯಿತೆಂದರೆ ನಿಲ್ಲಬೇಕು.

"ನೀ ಆಕಿ ಕೂಡ ಮಾತಾಡಕೋತ ಹೋಗು. ಮಾತು ನಿಂತಲ್ಲೇ ಸೈಕಲ್ ನಿಂದ್ರಸು. ಆಕಿ ಬೈದ್ರೂ ನಿಂದ್ರಸು. ಆಕಿನ್ನ ನಿನ್ನ ಕೈಯಾಗ ಕೊಟ್ಟೇನಿ ಅಮೃತಾ."

ಹೀಗೆ ಜೀವನದಲ್ಲಿ ಮೊದಲ ಸಲ ವೇಗ ಆರಿಸುವ ಕೆಲಸ ನನ್ನ ಪಾಲಿಗೆ ಬಂತು.

ಅದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಬಹಳ ನಿಧಾನ ತುಳಿದರೆ ಸೈಕಲ್ ಓಲಾಡುತ್ತದೆ, ಓಲಾಟ ತಡೆಯಲು ತೋಳು ಬಿಗಿಯುತ್ತದೆ, ಅದೂ ದಣಿವೇ. ಒಂದಿಷ್ಟು ಚುರುಕಾದರೆ ಗಾಲಿ ತಾನಾಗಿ ಉರುಳುತ್ತದೆ, ಆದರೆ ಏರು ಬಂದ ಕೂಡಲೇ ಅವಳ ಮಾತಿನ ಕೊನೆಯ ಅಕ್ಷರಗಳು ಉದುರುತ್ತಿದ್ದವು. ಇನ್ನು ದಾರಿಯುದ್ದಕ್ಕೂ ಮಾತಾಡಲು ಅವಳಲ್ಲಿ ಮಾತೇ ಇರಲಿಲ್ಲ. "ಏನ ಮಾತಾಡ್ಲಿ ಲೇ? ಹುಟ್ಟಿದಾಗಿಂದ ನಿನ್ನ ಕೂಡ ಮಾತಾಡೇನಿ. ಎಲ್ಲಾ ಮುಗದಾವು."

ಆಗ ನನಗೆ ಅಜ್ಜಿಯ ಹೂಂ ನೆನಪಾಯಿತು.

"ನಾ ಕಥಿ ಹೇಳತೀನಿ. ನೀ ಹೂಂ ಅನ್ನು, ಸಾಕು."

"ಹಗಲಾಗ? ನಿಮ್ಮಜ್ಜಿ ಬಿಟ್ಟಾಳೇನು?"

"ಹಾದಿಗೆ ಹೋಗವರು ನಾವಽ ಅದೀವಿ. ನಮ್ಮ ಹಾದಿ ನಮಗ ಗೊತ್ತೈತಿ."

ಅವಳು ಕೇಳಿದ್ದು ಹಳ್ಳದ ಕಥೆ. ತನ್ನ ಎದೆಯಲ್ಲಿ ಹಳ್ಳ ಬಂದ ಮೇಲೆ ಅವಳಿಗೆ ಬೇರೆ ಕಥೆ ಬೇಡವಾಗಿತ್ತು. ಅಜ್ಜಿಯ ಆ ಕಥೆಯಲ್ಲಿ, ಒಂದೂರಿನ ಜನ ದಿನಾ ತಮ್ಮ ಹಳ್ಳವನ್ನು ಬೈಯುತ್ತಾರೆ. ರಾಡಿ ನೀರು, ಜವುಳು ನೀರು ಅನ್ನುತ್ತಾರೆ. ಹಳ್ಳ ಮುನಿಸಿಕೊಂಡು ಊರು ಬಿಟ್ಟು ಹೋಗುತ್ತದೆ. ಗಾಣಿಗರ ಕಿರಿಯ ಮಗಳ ತಂಬಿಗೆಯಲ್ಲಿ ಮಾತ್ರ ಆ ಹಳ್ಳದ ಒಂದು ಗುಟುಕು ನೀರು ಉಳಿದಿರುತ್ತದೆ. ಅದನ್ನು ಒಯ್ದು ಹಳ್ಳಕ್ಕೆ ತೋರಿಸಿದರೆ ಅದಕ್ಕೆ ತನ್ನ ಊರು ನೆನಪಾಗುತ್ತದೆ, ಹುಡುಗಿಯ ಹಿಂದೆಯೇ ಬರುತ್ತದೆ. ಹಾದಿಯಲ್ಲಿ ಸಿಕ್ಕ ಮುದುಕಿ ಹೇಳುತ್ತಾಳೆ: ಓಡಬೇಡ, ತುಳುಕುತ್ತದೆ. ನಿಲ್ಲಬೇಡ, ಆರುತ್ತದೆ.

"ತಂಬಗಿಗೊಂದು ಮುಚ್ಚಳ ಹಾಕಬಾರದೇನ್ ಆಕಿ?" ಅಂದಳು ಶಬೀನಾ.

"ಮುಚ್ಚಳ ಹಾಕಿದ್ರ ಕಥಿ ಮುಗೀತು. ಹೂಂ ಅನ್ನು."

"ಹೂಂ. ಹೋಗಲಿ, ಆಕಿಗೊಂದು ಸೈಕಲ್ಲರ ಕೊಡು."

ಅವಳ ಹೂಂಗಳನ್ನು ನಾನು ಓದಲು ಕಲಿತೆ. ಉದ್ದನೆಯ ಹೂಂ ಬಂದರೆ ಉಸಿರು ಆರಾಮಿದೆ. ಗಿಡ್ಡ ಹೂಂ ಬಂದರೆ ಪೆಡಲಿನ ಮೇಲಿನ ಪಾದವನ್ನು ಸಡಿಲಿಸಬೇಕು. ನನ್ನ ವಾಕ್ಯ ಮುಗಿದು ಒಂದು ಗಳಿಗೆ ಖಾಲಿ ಉಳಿದು ಆಮೇಲೆ ಹೂಂ ಬಂದರೆ, ಆ ಖಾಲಿಯಲ್ಲಿ ಅವಳು ಉಸಿರನ್ನು ಹುಡುಕುತ್ತಿದ್ದಾಳೆಂದು ಅರ್ಥ. ಆಗ ನಾನು ಬೇವಿನ ಗಿಡ ನೋಡಿ ಇಳಿಯುತ್ತಿದ್ದೆ, ಚೈನು ಬಿದ್ದ ನೆಪ, ಚಪ್ಪಲಿಯೊಳಗೆ ಹರಳಿನ ನೆಪ. ಅವಳಿಗೆ ಎಲ್ಲ ಗೊತ್ತಾಗುತ್ತಿತ್ತು. "ನಿನ್ನ ಚೈನು ದಿನಾ ಇದಽ ಗಿಡದ ಕೆಳಗ ಬೀಳತೈತಿ ನೋಡ್, ಶಾಣ್ಯಾ ಚೈನು," ಅನ್ನುತ್ತ ಕಾಲು ಚಾಚಿ ಕುಳಿತುಕೊಳ್ಳುತ್ತಿದ್ದಳು. ಸುಳ್ಳು ಹೇಳಲು ಬಾರದ ಒಂದೇ ಒಂದು ವಸ್ತು ಅವಳಲ್ಲಿದ್ದರೆ ಅದು ಆ ಹೂಂ. ಉಸಿರಿಲ್ಲದೆ ಅದು ಹುಟ್ಟುವುದೇ ಇಲ್ಲ.

ನಮ್ಮ ಊರಿನ ಟಂಟಂ ಓಡಿಸುವ ಹನುಮೇಶ ಹಿಂದಿನಿಂದ ಬಂದವನು ಗಾಡಿ ನಿಧಾನ ಮಾಡಿ ಒಂದು ಮಾತು ಒಗೆಯದೆ ಹೋಗುತ್ತಿರಲಿಲ್ಲ.

"ಏನ್ರವಾ, ಸೈಕಲ್ ತುಳಿಯಾಕತ್ತೀರೋ, ಸೈಕಲ್ಲಿಗೆ ಊರು ತೋರಸಾಕತ್ತೀರೋ?"

"ನೀ ಹೋಗಣ್ಣಾ," ಅನ್ನುತ್ತಿದ್ದಳು ಶಬೀನಾ. "ಮುಂದ ನಿನ್ನ ಗಾಡಿ ಬಂದ್ ಬೀಳತೈತಲ್ಲ, ಅಲ್ಲಿ ನೂಕಾಕ ಬರತೀವಿ."

ಟಂಟಂ ಒಳಗಿನ ಹೆಂಗಸರೆಲ್ಲ ನಗುತ್ತಿದ್ದರು. ಗಾಡಿ ಹೋಗಿ ಧೂಳು ಕುಳಿತ ಮೇಲೆ ಅವಳು ಸ್ವಲ್ಪ ಹೊತ್ತು ಏನೂ ಮಾತಾಡುತ್ತಿರಲಿಲ್ಲ. ಆ ಒಂದು ಮಾತಿಗೆ ಅವಳ ಎಷ್ಟು ಉಸಿರು ಹೋಗುತ್ತಿತ್ತೆಂದು ನನಗೆ ಗೊತ್ತಿತ್ತು. ಅದನ್ನು ಕೂಡಿಸಿಕೊಳ್ಳಲಿ ಎಂದು ಗಾಣಿಗರ ಹುಡುಗಿಯನ್ನು ನಾನು ಯಾವುದಾದರೂ ಆಲದ ನೆರಳಿಗೆ ಒಯ್ಯುತ್ತಿದ್ದೆ.

ಕಥೆ ಅಜ್ಜಿ ಹೇಳಿದಷ್ಟರಲ್ಲಿ ಎಂದೋ ಮುಗಿಯಬೇಕಿತ್ತು. ನಾನು ಮುಗಿಸಲಿಲ್ಲ. ಹುಡುಗಿಗೆ ದಾರಿಯಲ್ಲಿ ಮಾತಾಡುವ ಮುಂಗುಸಿ ಸಿಕ್ಕಿತು, ಬಾಯಾರಿದ ಗುಬ್ಬಿಗಳ ಊರು ಸಿಕ್ಕಿತು, ತಂಬಿಗೆಯ ನೀರಿನಲ್ಲಿ ಮುಖ ನೋಡಿಕೊಳ್ಳಬೇಕೆಂದು ಹಟ ಹಿಡಿದ ಚಂದ್ರ ಸಿಕ್ಕ. ದಸರಾ ತನಕ ಅವಳನ್ನು ನಡೆಸಬೇಕು, ಶಬೀನಾ ಆಪರೇಷನ್ ಮುಗಿಸಿ ಬಂದ ದಿನ ಹಳ್ಳವನ್ನು ಊರಿಗೆ ಕರೆತರಬೇಕು ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ.

ಆಷಾಢ ಬಂತು. ನಮ್ಮ ಕರಿಮಣ್ಣಿನ ಎರಿ ಬಯಲಿನಲ್ಲಿ ಆಷಾಢದ ಗಾಳಿಗೆ ಅಡ್ಡ ಬರುವುದು ಯಾವುದೂ ಇಲ್ಲ, ಗುಡ್ಡವಿಲ್ಲ, ತೋಪಿಲ್ಲ. ಪಡುವಣದಿಂದ ಹೊರಟರೆ ನೇರ ನಮ್ಮ ಮುಖಕ್ಕೇ ಬಂದು ಬಡಿಯುತ್ತದೆ. ಕೆಲಸಕ್ಕೆ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ. ಹೆಸರುಕಾಳಿನ ಸಸಿಗಳು ಪೂರ್ವಕ್ಕೆ ತಲೆ ಬಾಗಿ ಹಾಗೇ ಉಳಿದುಬಿಡುತ್ತವೆ. ಆ ಗಾಳಿಯಲ್ಲಿ ಜೋಡಿಯಾಗಿ ತುಳಿಯುವುದು ಶಬೀನಾಳಿಗೆ ಆಗುವ ಮಾತಲ್ಲ. ಅದಕ್ಕೆ ನಾನು ಮುಂದೆ, ಅವಳು ನನ್ನ ಹಿಂದಿನ ಗಾಲಿಗೆ ತಾಗುವಷ್ಟು ಹತ್ತಿರ. ಗಾಳಿ ನನಗೆ ಬಡಿದು ಸೀಳಿ ಹೋದರೆ ಅವಳಿಗೆ ಸ್ವಲ್ಪ ಮರೆ.

ಆದರೆ ಹಾಗೆ ಹೋದ ಮೊದಲ ದಿನವೇ ಒಂದು ತೊಡಕು ಗೊತ್ತಾಯಿತು. ನಾನು ಹೇಳಿದ್ದನ್ನು ಗಾಳಿ ಹಿಂದಕ್ಕೆ ಒಯ್ದು ಅವಳಿಗೆ ಮುಟ್ಟಿಸುತ್ತಿತ್ತು. ಅವಳ ಹೂಂ ಮಾತ್ರ ನನ್ನ ತನಕ ಬರುತ್ತಿರಲಿಲ್ಲ. ಅದೂ ಹಿಂದಕ್ಕೇ, ಊರ ಕಡೆಗೇ ಹೋಗಿಬಿಡುತ್ತಿತ್ತು. ನಾನು ಮಾತು ಮಾತಿಗೆ ತಿರುಗಿ ನೋಡಬೇಕಾಗಿ, ಒಂದು ಸಲ ಹಾಲಿನ ಗಾಡಿಗೆ ಹೋಗಿ ಬಡಿಯುವುದರಲ್ಲಿದ್ದೆ.

ಉಪಾಯ ಹೇಳಿದ್ದು ಶಬೀನಾ. "ಹೂಂ ಬದಲಿ ಗಂಟಿ ಹೊಡೀತೀನಿ. ಗಂಟಿ ಸಪ್ಪಳ ಗಾಳ್ಯಾಗೂ ಕೇಳತೈತಿ."

ಅವಳ ಗಂಟೆ ತುಕ್ಕು ಹಿಡಿದಿತ್ತು. ಮಷಿನ್ನಿಗೆ ಹಾಕುವ ಎಣ್ಣೆಯನ್ನು ಬಟ್ಟೆಯ ಚೂರಿಗೆ ಹಚ್ಚಿಕೊಂಡು ಬಂದು, ಸಂಜೆಯೆಲ್ಲ ಕುಳಿತು ತಿಕ್ಕಿ, ಹೆಬ್ಬೆರಳು ಮುಟ್ಟಿದರೆ ಸಾಕು ಟ್ರಿಣ್ ಅನ್ನುವ ಹಾಗೆ ಮಾಡಿದಳು. ಮರುದಿನದಿಂದ ಗಾಣಿಗರ ಹುಡುಗಿ ಗಂಟೆಯ ಸಪ್ಪಳಕ್ಕೆ ಹೆಜ್ಜೆ ಹಾಕತೊಡಗಿದಳು. ಹುಡುಗಿ ಬೇಲಿ ದಾಟಿದಳು, ಟ್ರಿಣ್. ಬೇಲಿಯ ಆಚೆ ಒಂದು ಹಾವು, ಟ್ರಿಣ್ ಟ್ರಿಣ್. ಹೆದರಿಕೆಗೆ ಎರಡು ಗಂಟೆ. ನಮಗೆ ಅದು ದೊಡ್ಡ ಖುಷಿಯಾಗಿತ್ತು.

ಅದೇ ಹೊತ್ತಿಗೆ ಶಾಲೆಗಳು ಶುರುವಾಗಿ ಗೋದಾಮಿನಲ್ಲಿ ಕೆಲಸದ ಗಡಿಬಿಡಿ. ಬೇಗ ಬರಬೇಕೆಂದರು. ತಡವಾಗಿ ಬಂದವರ ಮಷಿನ್ನಿಗೆ ಬೇರೆಯವರನ್ನು ಕೂರಿಸುತ್ತಿದ್ದರು. ಆ ದಿನವಿಡೀ ಅವರು ಮೂಲೆಯಲ್ಲಿ ಚಾಪೆಯ ಮೇಲೆ ಕುಳಿತು ಅಂಗಿಗಳ ದಾರ ಕತ್ತರಿಸಬೇಕು. ಗಾಳಿ ಜೋರಾದ ವಾರ ನಾವಿಬ್ಬರೂ ಮತ್ತೆ ಮತ್ತೆ ಚಾಪೆಗೆ ಬಿದ್ದೆವು. ಮೇಲ್ವಿಚಾರಣೆ ನೋಡುವ ಅರುಣಕ್ಕ ಕೆಟ್ಟವಳಲ್ಲ. ಒಂದು ಮಧ್ಯಾಹ್ನ ನನ್ನ ಬಳಿ ಬಗ್ಗಿ, ಮೆಲ್ಲಗೆ ಹೇಳುತ್ತಿದ್ದೇನೆ ಅಂದುಕೊಂಡು, ಮಷಿನ್ನುಗಳ ಸಪ್ಪಳದ ಮೇಲೆ ಗಟ್ಟಿಯಾಗಿಯೇ ಹೇಳಿದಳು:

"ನೀ ಒಬ್ಬಾಕಿ ಬಂದ್ರ ಟೈಮಿಗೆ ಸರಿ ಬರತಿ ಅಮೃತಾ. ಕಾಜಿನ ಕೈ ನಿಂದು ಚಲೋ ಐತಿ. ಯಾಕ ಈ ಮೂಲ್ಯಾಗ ಕುಂಡರತಿ?"

ಶಬೀನಾ ನನ್ನ ಬಾಜೂಕ್ಕೇ ಇದ್ದಳು. ತಲೆ ಎತ್ತಲಿಲ್ಲ. ಕತ್ತರಿ ಮಾತ್ರ ಜೋರಾಗಿ ಕಚ ಕಚ ಅಂದಿತು.

ಬರುವಾಗ, ಬೆನ್ನಿಗೆ ಗಾಳಿ ಇದ್ದಾಗ, "ನಾಳಿಂದ ನೀ ಮುಂದ ಹೋಗು, ನಾ ಹಿಂದಿಂದ ಬರತೀನಿ," ಅಂದಳು.

"ಹುಚ್ಚ ಹಿಡದೈತೇನು? ದಾರ ಕತ್ತರಸೂದು ನನಗ ಲಗೂ ಬರತೈತಿ. ಕುಂತು ಕನಸು ಕಾಣಾಕ ಚಲೋ ಆಕ್ಕೈತಿ."

"ಕನಸಿಂದೊಂದು ನಿಂದು," ಅಂದಳು.

ಮಾರನೆಯ ದಿನ ಅವಳು ಏನೋ ಗಟ್ಟಿ ಮಾಡಿಕೊಂಡು ಬಂದ ಹಾಗಿದ್ದಳು. "ಇವತ್ತು ಆರಾಮ ಅದೀನಿ. ಒಂಚೂರು ಲಗೂ ತುಳಿ. ಗಂಟಿ ಕೇಳಕೋತ ಹೋಗು," ಅಂದಳು. ರಾತ್ರಿ ಮಳೆಯಾಗಿತ್ತು. ರಸ್ತೆ ಒದ್ದೆ, ಬದಿಯ ಎರಿ ಮಣ್ಣು ಕಲಸಿದ ಹಿಟ್ಟಾಗಿತ್ತು. ಗಾಳಿ ಮಾತ್ರ ಎಂದಿನ ಗಾಳಿಯೇ. ನಾನು ಮುಂದೆ ಹೋದೆ. ಕಥೆ ಶುರು ಮಾಡಿದೆ. ಗಂಟೆ ಸರಿಯಾಗಿ ಬಂತು. ಸ್ವಲ್ಪ ಚುರುಕಾದೆ. ಆಗಲೂ ಗಂಟೆ ಬಂತು, ಟ್ರಿಣ್. ಏರಿನಲ್ಲೂ ಬಂತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಅವಳಿಗೆ ಗುಣವಾಗುತ್ತಿದೆ, ದಸರಾಕ್ಕೂ ಮೊದಲೇ ಹಳ್ಳ ಊರಿಗೆ ಬಂದರೂ ಬರಬಹುದು ಅನ್ನಿಸಿತು. ಆ ಸಂತೋಷದಲ್ಲಿ ಕಥೆ ಬಾಯಿಂದ ತಾನೇ ಹರಿಯುತ್ತಿತ್ತು. ಬಂಡೆಗಳ ಸಂದಿಯಲ್ಲಿ ಹುಡುಗಿಗೆ ದೂರದಲ್ಲಿ ನೀರಿನ ಸಪ್ಪಳ ಕೇಳಿಸುತ್ತದೆ, ಅವಳು ನಿಂತು...

ಟ್ರಿಣ್.

ಇನ್ನೂ ವಾಕ್ಯ ಮುಗಿದಿರಲಿಲ್ಲ. ಹೂಂ ಅನ್ನುವ ಜಾಗ ಬಂದೇ ಇರಲಿಲ್ಲ.

"ಅವಳು ನಿಂತು ಕಿವಿಗೊಟ್ಟು..."

ಟ್ರಿಣ್. ಟ್ರಿಣ್. ಮತ್ತೆ ಟ್ರಿಣ್. ಒಂದೇ ಅಂತರದಲ್ಲಿ, ಮಷಿನ್ನಿನ ಸೂಜಿ ಬಿದ್ದ ಹಾಗೆ. ನಾನು ಕಥೆ ನಿಲ್ಲಿಸಿದೆ. ಗಂಟೆ ನಿಲ್ಲಲಿಲ್ಲ. ಏನೂ ಹೇಳದಿದ್ದರೂ ಹೂಂ ಅನ್ನುತ್ತಿತ್ತು.

ತಿರುಗಿ ನೋಡಿದೆ. ಶಬೀನಾ ಹಿಂದೆ ಬಿದ್ದಿದ್ದಳು. ಯಾವುದೋ ಲಾರಿಗೆ ದಾರಿ ಬಿಡಲು ಬದಿಗೆ ಇಳಿದಿರಬೇಕು, ಗಾಲಿಗೂ ಮಡ್ಗಾರ್ಡಿಗೂ ನಡುವೆ ಎರಿ ಮಣ್ಣು ತುಂಬಿ ಗಾಲಿ ತಿರುಗುತ್ತಿರಲಿಲ್ಲ. ಅವಳು ಇಳಿದು, ಸೈಕಲ್ಲಿನ ಮೇಲೆ ಮೈ ಹಾಕಿ ನೂಕುತ್ತಿದ್ದಳು. ತಲೆ ಹ್ಯಾಂಡಲ್ಲಿಗೆ ತಾಗುತ್ತಿತ್ತು. ಹೆಬ್ಬೆರಳು ಗಂಟೆಯ ಮೇಲಿತ್ತು.

ನಾನು ಸೈಕಲ್ ಎಸೆದು ಓಡಿದೆ. ಅವಳನ್ನು ಹಿಡಿದು ರಸ್ತೆಯ ಬದಿಗೆ ಕೂರಿಸಿದೆ. ತುಟಿಯ ಬಣ್ಣ ನೇರಳೆ ಹಣ್ಣು ತಿಂದ ಹಾಗಿತ್ತು. ಎದೆಯೊಳಗಿಂದ ಬರುತ್ತಿದ್ದ ಗೊರ ಗೊರ ಸದ್ದು ಗಾಳಿಯಲ್ಲೂ ನನಗೆ ಕೇಳುತ್ತಿತ್ತು.

"ಯಾಕ ಹೊಡದಿ? ಯಾಕ ಗಂಟಿ ಹೊಡದಿ ಲೇ?"

ಅವಳು ಬಾಯಿ ತೆರೆದು ಗಾಳಿ ಎಳೆದುಕೊಂಡಳು. ಆಮೇಲೆ ಒಂದೊಂದೇ ಮಾತು ಬಂತು. "ಟೈಮ್... ಆಗೇತಿ. ನೀ... ಹೋಗು. ಮಷಿನ್ನು..."

ಸ್ವಲ್ಪ ತಡೆದು, "ಹಳ್ಳ... ಸಿಕ್ತೇನು?"

ಹಿಂದಿನಿಂದ ಹನುಮೇಶನ ಟಂಟಂ ಬಂತು. ಆ ದಿನ ಅವನು ಏನೂ ಅನ್ನಲಿಲ್ಲ. ಒಳಗಿದ್ದವರನ್ನೆಲ್ಲ ಇಳಿಸಿ, ಅವಳನ್ನು ನನ್ನ ತೊಡೆಯ ಮೇಲೆ ಮಲಗಿಸಿ, ಸೀದಾ ಹುಬ್ಬಳ್ಳಿಯ ಕಡೆ ಗಾಡಿ ಹೊರಳಿಸಿದ. ಮಾತು ಮಾತಿಗೆ ಹಿಂದೆ ತಿರುಗಿ, "ಉಸರ ಐತಿಲ್ಲವಾ? ಐತಿಲ್ಲೋ?" ಅಂತ ಕೇಳುತ್ತಿದ್ದ. ತಗ್ಗು ಬಂದಲ್ಲೆಲ್ಲ, ಜೋರಾಗಿ ಹೋಗಬೇಕೋ ನಿಧಾನ ಹೋಗಬೇಕೋ ಎಂಬುದು ಅವನಿಗೂ ತಿಳಿಯುತ್ತಿರಲಿಲ್ಲ. ಕುಲುಕಿದರೆ ಅವಳು ನರಳುತ್ತಿದ್ದಳು, ನಿಧಾನಿಸಿದರೆ ನಾನು ಚೀರುತ್ತಿದ್ದೆ.

ಆಸ್ಪತ್ರೆಯಲ್ಲಿ ಶ್ವಾಸಕೋಶಕ್ಕೆ ನೀರು ಇಳಿದಿದೆ ಅಂದರು. ಅದು ಆರದೆ ಆಪರೇಷನ್ ಮಾಡಲು ಬರುವುದಿಲ್ಲ ಅಂದರು. ಕೆಲವು ದಿನ ಆರಿತು, ಮತ್ತೆ ಬಂತು. ನಾನು ರಜೆ ಸಿಕ್ಕಾಗಲೆಲ್ಲ ಹೋಗಿ ಮಂಚದ ಬದಿಗೆ ಕುಳಿತುಕೊಳ್ಳುತ್ತಿದ್ದೆ. ಮೂಗಿಗೆ ನಳಿಗೆ ಹಾಕಿದ್ದರು. ಕಥೆ ಹೇಳು ಎಂದು ಕಣ್ಣಿನಲ್ಲೇ ಸನ್ನೆ ಮಾಡುತ್ತಿದ್ದಳು. ಹೇಳುತ್ತಿದ್ದೆ. ಹೂಂ ಬರುತ್ತಿತ್ತು, ಬೆರಳ ತುದಿಯಷ್ಟು ಸಣ್ಣ ಹೂಂ. ನಾನು ಹುಡುಗಿಯನ್ನು ಇನ್ನೂ ಇನ್ನೂ ನಿಧಾನ ನಡೆಸಿದೆ. ಹಳ್ಳದ ಹತ್ತಿರ ಒಯ್ದಿದ್ದವಳನ್ನು ಮತ್ತೆ ದೂರ ಮಾಡಿದೆ. ಕಥೆ ಮುಗಿಯದಿದ್ದರೆ ಕೇಳುವವಳು ಎಲ್ಲಿ ಹೋಗುತ್ತಾಳೆ ಎಂಬ ಹುಚ್ಚು ನಂಬಿಕೆ ನನ್ನದು.

ಶ್ರಾವಣ ಬಂದು ಗಾಳಿ ನಿಂತ ಒಂದು ಮುಂಜಾನೆ ಶಬೀನಾ ತೀರಿಕೊಂಡಳು. ನಾನು ಆಗ ಊರಿನಲ್ಲಿದ್ದೆ. ಗಾಣಿಗರ ಹುಡುಗಿ ಬಂಡೆಗಳ ನಡುವೆ ಎಲ್ಲೋ ತಂಬಿಗೆ ಹಿಡಿದು ನಿಂತಿದ್ದಳು.

ಮಣ್ಣಿಗೆ ಹೋಗಿ ಬಂದವರು ತಂತಮ್ಮ ಮನೆ ಸೇರಿದ ಮೇಲೆ ನಾನು ಅಜ್ಜಿಯ ಹತ್ತಿರ ಹೋದೆ. ಅವಳು ಕಟ್ಟೆಯ ಮೇಲೆ ಕುಳಿತು ಬತ್ತಿ ಹೊಸೆಯುತ್ತಿದ್ದಳು.

"ಯಮ್ಮಾ, ನಾ ಹಗಲಾಗ ಕಥಿ ಹೇಳಿದೆ. ಆಕಿ ಹಾದಿ ತಪ್ಪಿದ್ಲು."

ಅಜ್ಜಿ ಬತ್ತಿ ಕೆಳಗಿಟ್ಟಳು.

"ಹುಚ್ಚಿ. ಹಗಲೆಲ್ಲಾ ಕಥಿ ಹೇಳಕೋತ ಕುಂತ್ರ ಕಸ ಯಾರು ತೆಗೀತಾರ, ರೊಟ್ಟಿ ಯಾರು ಬಡೀತಾರ? ಅದಕ ನಮ್ಮವ್ವ ನನಗ ಹಂಗ ಅಂತಿದ್ಲು. ನಾ ನಿನಗ ಅಂದೆ. ಕಥಿ ಯಾರನ್ನೂ ಹಾದಿ ತಪ್ಪಸಂಗಿಲ್ಲವಾ."

ಅಷ್ಟು ಹೇಳಿ ನನ್ನ ತಲೆಯನ್ನು ತೊಡೆಗೆ ಎಳೆದುಕೊಂಡಳು. ಒಂದು ದೊಡ್ಡ ಕರಾರು ಬಿದ್ದುಹೋಗಿ ನನ್ನ ಕೈಯಲ್ಲಿ ಏನೂ ಉಳಿಯದ ಹಾಗಾಯಿತು. ದೂರಲು ಅದೊಂದಾದರೂ ಇತ್ತು.

ಈಗ ನಾನು ಒಬ್ಬಳೇ ಹೋಗುತ್ತೇನೆ. ಟೈಮಿಗೆ ಸರಿಯಾಗಿ ಹೋಗುತ್ತೇನೆ. ಮೊದಲ ದಿನಗಳಲ್ಲಿ ಯಾವ ವೇಗದಲ್ಲಿ ತುಳಿಯಬೇಕೆಂದು ಗೊತ್ತಾಗದೆ ದಾರಿಯಲ್ಲಿ ಅತ್ತಿದ್ದೇನೆ. ಕಾಲಿನಲ್ಲಿ ಬಲವಿತ್ತು, ಗಾಳಿ ಇರಲಿಲ್ಲ, ಹಾರಿಕೊಂಡು ಹೋಗಬಹುದಿತ್ತು. ಏರು ಬಂದ ಕೂಡಲೇ ಪಾದ ತಾನಾಗಿ ಸಡಿಲಾಗುತ್ತಿತ್ತು. ಕಿವಿ ಹಿಂದಕ್ಕೆ ಹೋಗುತ್ತಿತ್ತು. ಬೇವಿನ ಗಿಡದ ಕೆಳಗೆ ಒಂದು ದಿನ ಚೈನು ನಿಜವಾಗಿಯೂ ಬಿತ್ತು. ಅದನ್ನು ಏರಿಸಲು ಮನಸ್ಸಾಗದೆ ಎಣ್ಣೆಯ ಕೈಯಲ್ಲಿ ಸುಮ್ಮನೆ ಕುಳಿತಿದ್ದೆ. ಹನುಮೇಶ ಗಾಡಿ ನಿಲ್ಲಿಸಿ, ಇಳಿದು ಬಂದು ಚೈನು ಹಾಕಿಕೊಟ್ಟು ಹೋದ.

ಜಮೀಲಾಬಿ ಚಾಚಿಯ ಬಾಗಿಲಿನ ಮುಂದೆ ಹೋಗುವ ಧೈರ್ಯ ನನಗಿರಲಿಲ್ಲ. 'ಆಕಿನ್ನ ನಿನ್ನ ಕೈಯಾಗ ಕೊಟ್ಟೇನಿ' ಅಂದಿದ್ದ ಬಾಗಿಲು ಅದು. ಹಿಂದಿನ ಓಣಿಯಿಂದ ಸುತ್ತಿ ಹೋಗುತ್ತಿದ್ದೆ. ಹೊಲದ ಹೆಸರು ಕಾಳುಗಟ್ಟಿ ಊರೆಲ್ಲ ಬಿಡಿಸುವ ಗಡಿಬಿಡಿಯಲ್ಲಿದ್ದ ಒಂದು ಬೆಳಿಗ್ಗೆ, ಆ ಹಿಂದಿನ ಓಣಿಯಲ್ಲೇ ಚಾಚಿ ನಿಂತಿದ್ದಳು. ಸೈಕಲ್ಲಿನ ಹ್ಯಾಂಡಲ್ ಹಿಡಿದಳು.

"ಎಷ್ಟು ದಿನಾ ಸುತ್ತ ಹಾಕತಿ? ಬಾ ಒಳಗ."

"ಚಾಚಿ, ಕೆಲಸಕ್ಕ..."

"ಬಾ ಅಂದೆ."

ಒಳಗೆ ಅಂಗಳದ ಗೋಡೆಗೆ ಶಬೀನಾಳ ಸೈಕಲ್ ಒರಗಿತ್ತು. ಯಾರೋ ರಸ್ತೆಯಿಂದ ತಂದು ಇಟ್ಟಿದ್ದು ಇಟ್ಟ ಹಾಗೇ ಇತ್ತು. ಗಾಲಿಯ ಸಂದಿಯಲ್ಲಿ ತುಂಬಿದ್ದ ಎರಿ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಗಂಟೆ ಮಾತ್ರ ಹೊಳೆಯುತ್ತಿತ್ತು. ಚಾಚಿ ನನ್ನನ್ನು ಚಾಪೆಯ ಮೇಲೆ ಕೂರಿಸಿ, ಎದುರಿಗೆ ಕುಳಿತಳು. ಮೊರದಲ್ಲಿ ಹೆಸರು ಕಾಳು ಇತ್ತು. ಅದರಲ್ಲಿ ಬೆರಳಾಡಿಸಿದಳು.

ನಾನೇ ಶುರು ಮಾಡಿದೆ. "ಗಂಟಿ ಕೇಳಕೋತ ಹೋದೆ ಚಾಚಿ. ತಿರುಗಿ ನೋಡಬೇಕಾಗಿತ್ತು."

"ಗಂಟಿ ಹೊಡದಾಕಿ ನನ್ನ ಮಗಳು. ಆಸ್ಪತ್ರ್ಯಾಗ ನನಗ ತಾನಽ ಹೇಳ್ಯಾಳ. 'ಅಮ್ಮಿ, ಅಮೃತಾಗ ಮೋಸ ಮಾಡಿದೆ' ಅಂತ ಹೇಳಿ ನಗತಿದ್ಲು. ನಗಾಕ ಉಸರಿಲ್ಲ, ಆದ್ರೂ ನಗತಿದ್ಲು." ಚಾಚಿ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. "ಆ ಮಾತು ಬಿಡು. ನಾ ಕರದದ್ದು ಬ್ಯಾರೆ ಮಾತಿಗೆ. ದಿನಾ ಸಂಜಿಕ ಬಂದು ಆ ತಂಬಗಿ ಹುಡುಗಿ ಕಥಿ ನನಗ ಹೇಳತಿದ್ಲು, ಗೊತ್ತೇನು? ಇವತ್ತು ಮುಂಗಲಿ ಸಿಕ್ತು, ಇವತ್ತು ಚಂದ್ರ ಸಿಕ್ಕ."

ನನಗೆ ಗೊತ್ತಿರಲಿಲ್ಲ.

"ಚಾಚಿ, ಅದು ಮುಗದಿಲ್ಲ. ನಾ ಮುಗಸಲೇ ಇಲ್ಲ."

"ಆಕಿ ಮುಗಸ್ಯಾಳ."

ಹೊರಗೆ ಯಾರದೋ ಟ್ರ್ಯಾಕ್ಟರ್ ಹೋಯಿತು. ಅದು ದೂರವಾಗುವ ತನಕ ಚಾಚಿ ಕಾದಳು. ಆಮೇಲೆ ಮೊರವನ್ನು ಬದಿಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಕಥೆ ಹೇಳಿ ರೂಢಿಯಿಲ್ಲದವರು ಹೇಳುವ ಹಾಗೆ ನೆಲ ನೋಡುತ್ತ ಹೇಳಿದಳು.

"ಆ ಹುಡುಗಿ ನಡದು ನಡದು ದಣದ್ಲಂತ."

ಚಾಚಿ ತಲೆ ಎತ್ತಿದಳು.

"ಹೂಂ ಅನ್ನಬೇ. ಹೂಂ ಅನ್ನದಿದ್ರ ಹೇಳಬ್ಯಾಡ ಅಂದಾಳ ಆಕಿ."

"ಹೂಂ," ಅಂದೆ.

"ಒಂದು ಬಂಡೆಗಲ್ಲಿನ ಮ್ಯಾಲೆ ಕುಂತ್ಲಂತ."

"ಹೂಂ."

"ಬಾಯಾರಿತ್ತಂತ. ತಂಬಗಿ ನೋಡಿದ್ಲಂತ. ಎಷ್ಟು ದಿನಾಂತ ಹೊರಲಿ ಅಂತ ಹೇಳಿ, ಅದರಾಗಿನ ಒಂದು ಗುಟುಕು ತಾನಽ ಕುಡದಬಿಟ್ಲಂತ."

ಚಾಚಿ ಕಾದಳು. ಗೋದಾಮಿನಲ್ಲಿ ಇಷ್ಟು ಹೊತ್ತಿಗೆ ನನ್ನ ಮಷಿನ್ನಿಗೆ ಬೇರೆಯವರು ಕುಳಿತಿರುತ್ತಾರೆ. ಕುಳಿತಿರಲಿ. ಒಂದು ಗಳಿಗೆ ಖಾಲಿ ಉಳಿಯಿತು, ಆ ಖಾಲಿಯಲ್ಲಿ ನಾನು ಉಸಿರು ಹುಡುಕಿದೆ. ಚಾಚಿ ಅವಸರ ಮಾಡಲಿಲ್ಲ.

"ಹೂಂ," ಅಂದೆ.

"ಕುಡದ ಕೂಡಲೆ ಆಕಿಗೆ ಹಳ್ಳದ ಸಪ್ಪಳ ಕೇಳಿಸ್ತಂತ," ಅಂದಳು ಜಮೀಲಾಬಿ ಚಾಚಿ. "ದೂರ ಎಲ್ಲಿಂದೋ ಅಲ್ಲ. ತನ್ನ ಎದ್ಯಾಗಽ."